ಹೇಳಿ ಮಾಡಿಸಿದ ಚಾಕು

ಮಡಚುವ ಕೀಲಿಲ್ಲ, ಸ್ಪ್ರಿಂಗಿಲ್ಲ, ಥಳಕಿಲ್ಲ. ಅಂಗೈ ಅಗಲದಷ್ಟು ಉದ್ದದ ಅಲಗು, ಮುಷ್ಟಿ ತುಂಬುವ ಹಿಡಿ, ಸೊಂಟಕ್ಕೊಂದು ಒರೆ, ಇಷ್ಟೇ. ದಿನಬಳಕೆಯ ಹತ್ತಾರು ಕೆಲಸಗಳನ್ನು ಹೊರುವ ಈ ಪುಟ್ಟ ಸಾಧನದ ಯೋಗ್ಯತೆ ನಿರ್ಧಾರವಾಗುವುದು ಉಕ್ಕಿನ ಹೆಸರಿನಿಂದಲ್ಲ. ಕುಲುಮೆಯ ಹದದಿಂದ, ಅಲಗಿನ ತೆಳುವಿನಿಂದ ಮತ್ತು ಮಾಡಿಸುವವರ ತಿಳಿವಳಿಕೆಯಿಂದ.

ಆಶ್ವಯುಜ ನವಮಿಯ ಬೆಳಿಗ್ಗೆ ಮಲೆನಾಡಿನ ತೋಟದ ಮನೆಗಳ ಜಗಲಿಯಲ್ಲಿ ಗುದ್ದಲಿ, ಹಾರೆ, ಕೊಡಲಿ, ಗರಗಸ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಮೈಮೇಲಿನ ಮಣ್ಣು ತೊಳೆಸಿಕೊಂಡು, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ಸಾಲಾಗಿ ಕೂತಿರುತ್ತವೆ. ಆ ಸಾಲಿನ ತುದಿಯಲ್ಲಿ, ದೊಡ್ಡ ಹತಾರಗಳ ಮರೆಯಲ್ಲಿ, ಗೇಣುದ್ದದ ಒಂದು ಚಾಕು ಇರುತ್ತದೆ. ಅಡಿಕೆಯ ಚೊಗರಿಗೆ ಅದರ ಅಲಗು ಕಪ್ಪಾಗಿದೆ, ಹುಣಸೆಮರದ ಹಿಡಿ ಕೈಯ ಬೆವರು ಕುಡಿದು ನುಣುಪಾಗಿದೆ, ಮಸೆದು ಮಸೆದು ಬಾಯಿ ಒಂದಿಷ್ಟು ಒಳಕ್ಕೆ ಸರಿದಿದೆ.

ಪೂಜೆಗೆ ಕುಳಿತ ಹತಾರಗಳಲ್ಲಿ ಅತಿ ಹೆಚ್ಚು ದುಡಿಯುವುದು ಬಹುಮಟ್ಟಿಗೆ ಇದೇ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಸುತಲಿ ಕತ್ತರಿಸುವುದು, ಹನಿ ನೀರಾವರಿಯ ಪೈಪು ಸವರುವುದು, ಬಾಳೆನಾರು ಸೀಳುವುದು, ಕಬ್ಬು ಹೆರೆಯುವುದು, ವೈರಿನ ಹೊದಿಕೆ ಸುಲಿಯುವುದು, ಗೂಟದ ಮೊನೆ ಚೂಪು ಮಾಡುವುದು ಮುಂತಾಗಿ ಕೊಡಲಿಗೆ ಚಿಕ್ಕದಾದ, ಬೆರಳಿಗೆ ದೊಡ್ಡದಾದ ಕೆಲಸಗಳೆಲ್ಲ ಅದರ ಪಾಲಿಗೆ ಬರುತ್ತವೆ. ಪೇಟೆಯಲ್ಲಿ ಪಾರ್ಸೆಲ್ ಪೆಟ್ಟಿಗೆ ಬಿಡಿಸುವವರಿಗೂ, ಹೂವಿನಂಗಡಿಯವರಿಗೂ, ವೈರಿಂಗ್ ಕೆಲಸದವರಿಗೂ ಬೇಕಾಗುವುದು ಇಷ್ಟೇ ಗಾತ್ರದ ಸಾಧನ.

ಇಂಥ ಚಾಕುವನ್ನು ಅಂಗಡಿಯಲ್ಲಿ ಕೊಳ್ಳದೆ, ಒಬ್ಬರ ಕೈಗೆ ಮತ್ತು ಒಬ್ಬರ ಕೆಲಸಕ್ಕೆ ತಕ್ಕಂತೆ ಕುಲುಮೆಯಲ್ಲಿ ಹೇಳಿ ಮಾಡಿಸುವ ಪದ್ಧತಿ ಜಗತ್ತಿನ ಹಲವು ಕಡೆ ಬೆಳೆದು ಬಂದಿದೆ. ಕೆಲವು ಕಡೆ ಅದು ಗೌರವದ ಕಸುಬಾಗಿ ಉಳಿದಿದ್ದರೆ, ಕುಲುಮೆಗಳ ನಾಡಾದ ಕರ್ನಾಟಕದಲ್ಲಿ ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಕೀಲಿಲ್ಲದ ಸರಳತೆ

ಮಡಚುವ ಚಾಕುವಿನಲ್ಲಿ ಅಲಗು ಒಂದು ಕೀಲಿನ ಸುತ್ತ ತಿರುಗಿ ಹಿಡಿಯೊಳಗೆ ಅಡಗುತ್ತದೆ. ಮಡಚದ ಚಾಕುವಿನಲ್ಲಾದರೋ ಅಲಗು ಮತ್ತು ಹಿಡಿಯೊಳಕ್ಕೆ ಇಳಿಯುವ ಅದರ ಬಾಲ ಒಂದೇ ಉಕ್ಕಿನ ತುಂಡಾಗಿರುತ್ತವೆ. ಬಾಲ ಹಿಡಿಯಷ್ಟೇ ಅಗಲವಾಗಿದ್ದು ಅದರ ಎರಡೂ ಬದಿಗೆ ಮರದ ಪಟ್ಟಿಗಳನ್ನು ರಿವೆಟ್ ಮಾಡಿರಬಹುದು, ಇಲ್ಲವೆ ಮೊಳೆಯಂತೆ ಸಪೂರವಾಗಿದ್ದು ಮರದ ನಡುವಿನ ರಂಧ್ರದೊಳಗೆ ಹೊಕ್ಕಿರಬಹುದು.

ಕೀಲು ಇಲ್ಲದ ಕಾರಣ ಸಡಿಲವಾಗುವುದಕ್ಕೆ ಏನೂ ಇಲ್ಲ, ಕೆಲಸದ ನಡುವೆ ಅಲಗು ಬೆರಳ ಮೇಲೆ ಮುಚ್ಚಿಕೊಳ್ಳುವ ಅಪಾಯವಿಲ್ಲ, ಮಾವಿನ ರಸವಾಗಲಿ ಮೀನಿನ ಪೊರೆಯಾಗಲಿ ಸೇರಿಕೊಂಡು ಕೊಳೆಯಲು ಸಂದಿಯಿಲ್ಲ. ಒಂದು ಕೈಯಲ್ಲಿ ಬಳ್ಳಿಯನ್ನು ಹಿಡಿದಿರುವಾಗ ಇನ್ನೊಂದು ಕೈಯಿಂದ ಒರೆಯಿಂದ ತೆಗೆದು, ಕತ್ತರಿಸಿ, ಮತ್ತೆ ಒರೆಗೆ ಸೇರಿಸಬಹುದು. ಇದಕ್ಕೆ ಪ್ರತಿಯಾಗಿ ಅದು ಕೇಳುವುದು ಒಂದನ್ನೇ, ಅಲಗನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಒಳ್ಳೆಯ ಒರೆಯನ್ನು. ಒರೆ ಕೆಟ್ಟದಾಗಿದ್ದರೆ ಚಾಕು ಎಷ್ಟೇ ಚೆನ್ನಾಗಿದ್ದರೂ ಮನೆಯ ಡ್ರಾಯರಿನಲ್ಲೇ ಉಳಿದುಬಿಡುತ್ತದೆ.

ಫಿನ್ಲೆಂಡಿನ ಪೂಕ್ಕೊ

ಈ ಬಗೆಯ ಚಾಕುವನ್ನು ಇಡೀ ಜನಸಮುದಾಯವೇ ತನ್ನದಾಗಿಸಿಕೊಂಡ ಉದಾಹರಣೆ ಬೇಕಿದ್ದರೆ ಫಿನ್ಲೆಂಡಿನತ್ತ ನೋಡಬೇಕು. ಅಲ್ಲಿನ ಪೂಕ್ಕೊ ಎಂಬ ಚಾಕು ರೈತ, ಬಡಗಿ, ಬೆಸ್ತ, ಬೇಟೆಗಾರರೆಲ್ಲರ ಸೊಂಟದಲ್ಲಿ ತಲೆಮಾರುಗಳಿಂದ ಇದೆ. 1939-40ರ ಚಳಿಗಾಲದ ಯುದ್ಧಕ್ಕೆ ಹೊರಟ ಸೈನಿಕರಲ್ಲಿ ಅನೇಕರು ತಂತಮ್ಮ ಮನೆಯ ಪೂಕ್ಕೊವನ್ನೇ ಜೊತೆಗೊಯ್ದಿದ್ದರು.

ಅಲಗಿನ ಉದ್ದ ಬಳಸುವವರ ಅಂಗೈ ಅಗಲಕ್ಕೆ ಸಮನಾಗಿರಬೇಕು ಎಂಬುದು ಪೂಕ್ಕೊದ ರೂಢಿಯ ಅಳತೆಯಾಗಿದ್ದು, ಅದು ಸಾಮಾನ್ಯವಾಗಿ 8ರಿಂದ 10 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಬೆನ್ನು ನೇರವಾಗಿರುತ್ತದೆ, ಬಾಯಿ ಒಂದೇ ಬದಿಗೆ ಇರುತ್ತದೆ, ಬೆರಳು ಜಾರದಂತೆ ತಡೆಯುವ ಅಡ್ಡಪಟ್ಟಿ ಇರುವುದಿಲ್ಲ. ಅಲಗಿನ ನಡುಮಟ್ಟದಿಂದ ಬಾಯಿಯ ಅಂಚಿನವರೆಗೆ ಎರಡೂ ಬದಿಯಲ್ಲಿ ಒಂದೇ ಸಪಾಟಾದ ಇಳಿಜಾರು ಇರುವುದರಿಂದ ಮಸೆಯುವಾಗ ಕೋನವನ್ನು ಊಹಿಸಬೇಕಾಗಿಲ್ಲ. ಆ ಇಳಿಜಾರನ್ನೇ ಕಲ್ಲಿನ ಮೇಲೆ ಒರಗಿಸಿ ಉಜ್ಜಿದರೆ ಸಾಕು. ಮರವನ್ನು ಹೆರೆಯುವಾಗಲೂ ಈ ಸಪಾಟು ಮುಖವೇ ಅಲಗಿಗೆ ದಾರಿ ತೋರುತ್ತದೆ.

ಹಿಡಿಗೆ ಬಳಸುವುದು ಬರ್ಚ್ ಮರದ ಗಂಟುಗಂಟಾದ ತಿರುಳು, ಅಥವಾ ಅದೇ ಮರದ ತೊಗಟೆಯನ್ನು ಚೌಕ ಚೌಕವಾಗಿ ಕತ್ತರಿಸಿ ಒಂದರ ಮೇಲೊಂದು ಪೋಣಿಸಿ ಒತ್ತಿದ ಅಟ್ಟಿ. ಸೊನ್ನೆಗಿಂತ ಕೆಳಗಿಳಿದ ಚಳಿಯಲ್ಲಿ ಬರಿಗೈಗೆ ಲೋಹ ತಾಗಿದರೆ ಸಹಿಸಲಾಗುವುದಿಲ್ಲವಾದ್ದರಿಂದ ಉಕ್ಕಿನ ಬಾಲವನ್ನು ಪೂರ್ತಿಯಾಗಿ ಮುಚ್ಚುವ, ಮುಟ್ಟಿದರೆ ಬೆಚ್ಚಗಿರುವ, ಒದ್ದೆಯಾದರೂ ಜಾರದ ತೊಗಟೆಯ ಹಿಡಿ ಅಲ್ಲಿ ನೆಲೆಯೂರಿತು. ಚರ್ಮದ ಒರೆ ಎಷ್ಟು ಆಳವೆಂದರೆ ಹಿಡಿಯ ಅರ್ಧಭಾಗವೂ ಅದರೊಳಗೆ ಹೋಗುತ್ತದೆ. ಗುಂಡಿಯೂ ಪಟ್ಟಿಯೂ ಇಲ್ಲದೆ ಬರಿಯ ಬಿಗಿತದಿಂದಲೇ ಚಾಕು ನಿಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಆಸ್ಟ್ರೊಬಾತ್ನಿಯಾ ಎಂಬ ಸೀಮೆಯಲ್ಲಿ ಪೂಕ್ಕೊ ಹಿಡಿದ ಪುಂಡರ ಹಾವಳಿ ಹೆಚ್ಚಾಗಿ ಈ ಚಾಕುವಿಗೆ ಕೆಟ್ಟ ಹೆಸರೂ ಬಂದಿತ್ತು. ಆದರೆ ಅದೇ ಸೀಮೆಯ ಕೌಹವದಲ್ಲಿ 1879ರಲ್ಲಿ ಈಸಾಕ್ಕಿ ಯಾರ್ವೆನ್‌ಪಾ ಆರಂಭಿಸಿದ ಕಾರ್ಖಾನೆಯ ಕುದುರೆತಲೆ ಹಿಡಿಯ ಚಾಕುಗಳು ದೇಶದ ಹೆಮ್ಮೆಯಾದವು. ಉತ್ತರದ ರೊವಾನಿಯೆಮಿಯಲ್ಲಿ ಯಾನ್ನೆ ಮಾರ್ತೀನಿ 1928ರಲ್ಲಿ ತೆರೆದ ಕುಲುಮೆಯೂ ಇಂದು ಹೆಸರಾಂತ ಸಂಸ್ಥೆಯಾಗಿದೆ.

ಇದರ ಹಿಂದೆ ಶಾಲೆಯ ಪಾತ್ರವೂ ಇದೆ ಎಂಬುದು ಗಮನಿಸಬೇಕಾದ ಸಂಗತಿ. ಊನೊ ಸಿಗ್ನೇಯಸ್ ಎಂಬ ಶಿಕ್ಷಣ ಸುಧಾರಕರ ಪ್ರಯತ್ನದಿಂದ 1866ರಲ್ಲಿ ಫಿನ್ಲೆಂಡಿನ ಸಾರ್ವಜನಿಕ ಶಾಲೆಗಳ ಪಠ್ಯದಲ್ಲಿ ಕೈಕಸುಬು ಸೇರಿತು. ಚಾಕುವಿನಿಂದ ಮರವನ್ನು ಕೆತ್ತುವುದನ್ನು ಮೇಷ್ಟರ ಎದುರು ಕಲಿತ ಮಗು ಅದನ್ನು ಹತಾರವಾಗಿ ನೋಡುತ್ತದೆಯೇ ಹೊರತು ಆಯುಧವಾಗಿ ಅಲ್ಲ. ಕಸುಬಿನಿಂದ ಮಕ್ಕಳನ್ನು ದೂರವಿಟ್ಟ ಶಿಕ್ಷಣಕ್ರಮಗಳು ಕಳೆದುಕೊಂಡದ್ದು ಈ ತಿಳಿವಳಿಕೆಯನ್ನು.

> ಐದು ಸಾವಿರ ವರ್ಷದ ಒರೆ
> 1991ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯ ಆಲ್ಪ್ಸ್ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷಗಳಷ್ಟು ಹಳೆಯದಾದ, ಓಟ್ಸಿ ಎಂದು ಹೆಸರಾದ ಮಾನವದೇಹದ ಬಳಿ ತಾಮ್ರದ ಕೊಡಲಿಯ ಜೊತೆಗೆ ಒಂದು ಪುಟ್ಟ ಚಾಕುವೂ ಇತ್ತು. ಚಕಮಕಿ ಕಲ್ಲಿನ ಅಲಗನ್ನು ಮರದ ಹಿಡಿಗೆ ಕಟ್ಟಿದ್ದ ಅದರ ಒಟ್ಟು ಉದ್ದ ಸುಮಾರು 13 ಸೆಂಟಿಮೀಟರ್. ಅದಕ್ಕೆಂದೇ ಮರದ ನಾರಿನಿಂದ ಹೆಣೆದ ಒರೆಯೂ ಜೊತೆಗಿತ್ತು. ಅವು ಇಂದು ಇಟಲಿಯ ಬೊಲ್ಜಾನೊ ನಗರದ ವಸ್ತುಸಂಗ್ರಹಾಲಯದಲ್ಲಿವೆ.

ಹದ ಎಂಬ ವಿದ್ಯೆ

ಚಾಕುವಿನ ಬಗ್ಗೆ ಮಾತು ಬಂದರೆ ಕೊಳ್ಳುವವರು ಮೊದಲು ಕೇಳುವುದು ಯಾವ ಉಕ್ಕು ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಆ ಉಕ್ಕಿಗೆ ಹದ ಕೊಟ್ಟದ್ದು ಹೇಗೆ ಎಂಬುದು.

ಶುದ್ಧ ಕಬ್ಬಿಣ ಮೆದುವಾದದ್ದು. ಅದರಲ್ಲಿ ಶೇ 0.6ರಿಂದ 1ರಷ್ಟು ಇಂಗಾಲ ಬೆರೆತಾಗ ಅದು ಗಡಸಾಗಬಲ್ಲ ಉಕ್ಕಾಗುತ್ತದೆ. ಗಡಸಾಗಬಲ್ಲದು ಎಂದರೆ ಗಡಸಾಗಿದೆ ಎಂದಲ್ಲ. ಅಲಗನ್ನು ಸುಮಾರು 800ರಿಂದ 850 ಡಿಗ್ರಿ ಸೆಲ್ಷಿಯಸ್‌ವರೆಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ ಅವುಗಳ ನಡುವೆ ಇಂಗಾಲ ಕರಗುತ್ತದೆ. ಆ ಕ್ಷಣದಲ್ಲಿ ಅದನ್ನು ತಟ್ಟನೆ ತಣಿಸಿದರೆ ಹೊರಬರಲು ಅವಕಾಶವಿಲ್ಲದ ಇಂಗಾಲ ಅಲ್ಲೇ ಸಿಕ್ಕಿಕೊಂಡು, ಇಡೀ ಜೋಡಣೆ ಒತ್ತಡಕ್ಕೊಳಗಾಗಿ, ಉಕ್ಕು ಅತಿ ಗಡಸಾಗುತ್ತದೆ. ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗೆ ಈ ಸ್ಥಿತಿಯನ್ನು ಮಾರ್ಟೆನ್‌ಸೈಟ್ ಎಂದು ಕರೆಯುತ್ತಾರೆ.

ಕುಲುಮೆಯಲ್ಲಿ ಇದನ್ನು ಅಳೆಯುವ ಬಗೆ ಸರಳವೂ ಸೂಕ್ಷ್ಮವೂ ಆಗಿದೆ. ಬಣ್ಣ ನೋಡಿ ಶಾಖವನ್ನು ಅಂದಾಜು ಮಾಡಬೇಕಾದ್ದರಿಂದ ಕಮ್ಮಾರರು ಮಬ್ಬು ಬೆಳಕಿನಲ್ಲೇ ಈ ಕೆಲಸ ಮಾಡುತ್ತಾರೆ; ಬಿಸಿಲಿನಲ್ಲಿ ಕಪ್ಪಾಗಿ ಕಾಣುವ ಅಲಗು ನೆರಳಿನಲ್ಲಿ ಕೆಂಪಾಗಿ ಹೊಳೆಯುತ್ತಿರುತ್ತದೆ. ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಕೆಂಡದಿಂದ ತೆಗೆದ ಅಲಗಿಗೆ ತಾಗಿಸಿ ನೋಡುವುದು ಇನ್ನೊಂದು ಉಪಾಯ. ಸುಮಾರು 770 ಡಿಗ್ರಿ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅದು ಅಂಟದೆ ಹೋದ ಮೇಲೆ ತಿದಿಯನ್ನು ಇನ್ನೊಂದಿಷ್ಟು ಒತ್ತಿ, ಅಲಗಿನ ಉದ್ದಕ್ಕೂ ಬಣ್ಣ ಸಮನಾದ ಕೂಡಲೇ, ಬೆಚ್ಚಗಿರುವ ಎಣ್ಣೆಯಲ್ಲಿ ಮೊನೆಯನ್ನು ಕೆಳಗೆ ಮಾಡಿ ನೇರವಾಗಿ ಅದ್ದಬೇಕು. ಓರೆಯಾಗಿ ಅದ್ದಿದರೆ ಒಂದು ಬದಿ ಮೊದಲು ತಣಿದು ಅಲಗು ಬಾಗುತ್ತದೆ. ಸ್ಪ್ರಿಂಗಿನ ಉಕ್ಕನ್ನು ತಣ್ಣೀರಿಗೆ ಇಳಿಸಿದರೆ ಕೆಲವೊಮ್ಮೆ ಟಿಣ್ ಎಂಬ ಸಣ್ಣ ಸದ್ದು ಕೇಳುತ್ತದೆ. ಅಲಗು ಬಿರುಕು ಬಿಟ್ಟ ಸದ್ದು ಅದು.

ಎಣ್ಣೆಯಿಂದ ಹೊರಬಂದ ಅಲಗಿನ ಬಾಯಿಗೆ ಅರವನ್ನು ಒತ್ತಿ ಉಜ್ಜಿದರೆ ಅದು ಕಚ್ಚದೆ ಜಾರಬೇಕು. ಜಾರಿದರೆ ಉಕ್ಕು ಗಡಸಾಗಿದೆ ಎಂದರ್ಥ. ಆದರೆ ಈ ಸ್ಥಿತಿಯಲ್ಲಿ ಅದು ಗಾಜಿನಂತೆ ಪೆಡಸಾಗಿದ್ದು, ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡಾಗಬಹುದು.

ಆದ್ದರಿಂದ ಎರಡನೆಯ ಹಂತ ಬೇಕಾಗುತ್ತದೆ. ಗಡಸಾದ ಅಲಗನ್ನು 180ರಿಂದ 220 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು, ತಣಿಸಿ, ಮತ್ತೊಮ್ಮೆ ಹಾಗೆಯೇ ಕಾಯಿಸಿದಾಗ ಗಡಸುತನ ತುಸು ಇಳಿದು ತಾಳಿಕೆ ಬರುತ್ತದೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಈ ಶಾಖ ತನ್ನ ಗುರುತನ್ನು ಬಣ್ಣವಾಗಿ ಬರೆಯುತ್ತದೆ: ಮೊದಲು ಹುಲ್ಲಿನ ಹಳದಿ, 250 ಡಿಗ್ರಿಯ ಹೊತ್ತಿಗೆ ಕಂದು, ಆಮೇಲೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ಸಣ್ಣ ಚಾಕುವಿಗೆ ಹುಲ್ಲಿನ ಹಳದಿಯ ಹದ ಸಾಕು. ಪೆಟ್ಟು ತಿನ್ನುವ ಕೊಡಲಿಗೆ ಬೇಕಾದ ಹದ ಬೇರೆ. ಮಚ್ಚು ಕುಡುಗೋಲುಗಳನ್ನೇ ದಿನವೂ ಮಾಡುವ ಕುಲುಮೆಗೆ ಚಾಕುವಿನ ಕೆಲಸ ಒಪ್ಪಿಸುವಾಗ ಈ ವ್ಯತ್ಯಾಸವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಕಾರ್ಖಾನೆಗಳು ಈ ಗಡಸುತನವನ್ನು ರಾಕ್‌ವೆಲ್ ಮಾಪನದಲ್ಲಿ ಹೇಳುತ್ತವೆ. ವಜ್ರದ ಮೊನೆಯೊಂದನ್ನು ನಿಗದಿತ ಭಾರದಲ್ಲಿ ಉಕ್ಕಿಗೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂದು ಅಳೆಯುವ ವಿಧಾನ ಅದು. ದಿನಬಳಕೆಯ ಸಣ್ಣ ಚಾಕುವಿಗೆ 58ರಿಂದ 61 ಸೂಕ್ತವಾದ ಅಂಕ. ಇದಕ್ಕಿಂತ ತೀರ ಕಡಿಮೆಯಾದರೆ ಬಾಯಿ ಮಡಚಿಕೊಳ್ಳುತ್ತದೆ, ತೀರ ಹೆಚ್ಚಾದರೆ ಚಕ್ಕೆ ಏಳುತ್ತದೆ.

ದಪ್ಪವೇ ದೊಡ್ಡ ತಪ್ಪು

ಗಟ್ಟಿಮುಟ್ಟಾಗಿರಲಿ ಎಂದು ಅಲಗನ್ನು ಐದಾರು ಮಿಲಿಮೀಟರ್ ದಪ್ಪವಾಗಿ ಮಾಡಿಸುವುದು ಹೇಳಿ ಮಾಡಿಸುವವರಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಅಂಥ ಚಾಕುವನ್ನು ಎಷ್ಟೇ ಹರಿತ ಮಾಡಿದರೂ ಅದು ಸೌತೆಕಾಯಿಯನ್ನು ಕತ್ತರಿಸುವ ಬದಲು ಸೀಳುತ್ತದೆ, ರಟ್ಟಿನೊಳಗೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಕತ್ತರಿಸುವಾಗ ಅಡ್ಡಿಯಾಗುವುದು ಬಾಯಿಯ ಅಂಚಲ್ಲ, ಅಂಚಿನ ಹಿಂದೆ ಬರುವ ದಪ್ಪ. ಬೆನ್ನಿನಲ್ಲಿ ಎರಡೂವರೆಯಿಂದ ಮೂರು ಮಿಲಿಮೀಟರ್, ಅಂಚಿನ ಹಿಂದೆಯೇ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಬಾಯಿಯಲ್ಲಿ ಪ್ರತಿ ಬದಿಗೆ 15ರಿಂದ 20 ಡಿಗ್ರಿಯ ಕೋನ ಎಂಬ ಅಳತೆ ಮನೆ ಮತ್ತು ತೋಟದ ಹೆಚ್ಚಿನ ಕೆಲಸಗಳಿಗೆ ಹೊಂದುತ್ತದೆ.

ಅಮೆರಿಕದಲ್ಲಿ ಹೇಳಿ ಮಾಡಿಸಿದ ಚಾಕುಗಳ ಚಳವಳಿಗೆ ರೂಪು ಕೊಟ್ಟವರಲ್ಲಿ ಪ್ರಮುಖರಾದ ಬಾಬ್ ಲವ್‌ಲೆಸ್ (1929-2010) ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1950ರ ದಶಕದ ಆರಂಭದಲ್ಲಿ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವರು, ಫ್ಲಾರಿಡಾದ ಚಾಕು ತಯಾರಕ ಬೋ ರ‍್ಯಾಂಡಲ್ ಅವರ ಚಾಕುವನ್ನು ಕೊಳ್ಳಲು ಹೋದಾಗ ತಿಂಗಳುಗಟ್ಟಲೆ ಕಾಯಬೇಕೆಂದು ತಿಳಿದು, ಪ್ಯಾಕರ್ಡ್ ಕಾರಿನ ಹಳೆಯ ಸ್ಪ್ರಿಂಗಿನಿಂದ ತಮ್ಮ ಚಾಕುವನ್ನು ತಾವೇ ಮಾಡಿಕೊಂಡರು.

ಮುಂದೆ ಅವರು ಬಡಿದು ರೂಪಿಸುವ ಬದಲು ಉಕ್ಕಿನ ಪಟ್ಟಿಯನ್ನು ಕತ್ತರಿಸಿ, ಸಾಣೆ ಹಿಡಿದು ಆಕಾರಕ್ಕೆ ತರುವ ವಿಧಾನವನ್ನು ಜನಪ್ರಿಯಗೊಳಿಸಿದರು. ಅಲಗಿನ ಬೆನ್ನು ಮೊನೆಯತ್ತ ಮೆಲ್ಲನೆ ಇಳಿಯುವ ವಿನ್ಯಾಸ ಅವರಿಂದಲೇ ಪ್ರಸಿದ್ಧಿಗೆ ಬಂತು. ಮೊನೆ ನಡುಗೆರೆಯ ಹತ್ತಿರ ಬರುವುದರಿಂದ ಅದು ಕೈಯ ಹಿಡಿತಕ್ಕೆ ಚೆನ್ನಾಗಿ ಒಗ್ಗುತ್ತದೆ. ಜೆಟ್ ಎಂಜಿನ್ ಭಾಗಗಳಿಗೆಂದು ತಯಾರಾಗಿದ್ದ, ಶೇ 14ರಷ್ಟು ಕ್ರೋಮಿಯಂ ಇರುವ 154ಸಿಎಂ ಎಂಬ ತುಕ್ಕು ನಿರೋಧಕ ಉಕ್ಕನ್ನು 1970ರ ದಶಕದಲ್ಲಿ ಚಾಕುವಿನ ಲೋಕಕ್ಕೆ ತಂದವರೂ ಅವರೇ.

> ಕಮ್ಮಾರರ ಪರೀಕ್ಷೆ
> 1976ರಲ್ಲಿ ಬಿಲ್ ಮೊರಾನ್ ಮುಂದಾಳತ್ವದಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯಲ್ಲಿ ಮನ್ನಣೆ ಬಯಸುವ ಕಮ್ಮಾರರು ತಾವೇ ಬಡಿದು ಮಾಡಿದ ದೊಡ್ಡ ಚಾಕುವಿನಿಂದ, ಕೆಳತುದಿ ಕಟ್ಟದೆ ನೇತುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು, ಮರದ ತೊಲೆಗಳನ್ನು ಕಡಿಯಬೇಕು, ಆಮೇಲೆ ಅದೇ ಅಲಗಿನಿಂದ ಕೈಯ ರೋಮ ಬೋಳಿಸಿ ತೋರಿಸಬೇಕು. ಕೊನೆಗೆ ಅಲಗನ್ನು ಮುರಿಯದಂತೆ 90 ಡಿಗ್ರಿ ಬಗ್ಗಿಸಬೇಕು. ಹರಿತ ಮತ್ತು ತಾಳಿಕೆ ಒಂದೇ ಅಲಗಿನಲ್ಲಿ ಇವೆಯೇ ಎಂಬುದನ್ನು ಈ ಕ್ರಮ ತೋರಿಸುತ್ತದೆ.

ಊರಿನ ಕುಲುಮೆಯಲ್ಲಿ

ಉಕ್ಕಿನ ವಿದ್ಯೆ ಕರ್ನಾಟಕಕ್ಕೆ ಹೊರಗಿನಿಂದ ಬಂದದ್ದಲ್ಲ. ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಮತ್ತು ಇಂಗಾಲದ ವಸ್ತುಗಳನ್ನಿಟ್ಟು ಕಾಯಿಸಿ ತೆಗೆಯುವ ವೂಟ್ಜ್ ಉಕ್ಕಿನ ತಯಾರಿಕೆಗೆ ದಕ್ಷಿಣ ಭಾರತ ಹೆಸರಾಗಿತ್ತು. ಅಂಥ ಮೂಸೆಗಳ ಅವಶೇಷಗಳು ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ದೊರೆತಿವೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣ ಕರಗಿಸುವ ಮತ್ತು ಉಕ್ಕು ಮಾಡುವ ಇಲ್ಲಿನ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ದಾಖಲಿಸಿದ್ದಾನೆ. ಕಮ್ಮಾರನ ಮಗನಾಗಿದ್ದ ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಸಂಶೋಧನೆಗಳಿಂದ ಪ್ರಸಿದ್ಧನಾಗುವ ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವಸ್ತುಗಳಲ್ಲಿ ಭಾರತದ ಈ ಉಕ್ಕೂ ಒಂದು.

ಸೊಂಟದ ಚಾಕುವೂ ಇಲ್ಲಿಗೆ ಹೊಸದಲ್ಲ. ಕೊಡಗಿನಲ್ಲಿ ಕುಪ್ಯವೆಂಬ ನಿಲುವಂಗಿ ತೊಟ್ಟ ಗಂಡಸರು ಚೇಲೆ ಎಂಬ ಕೆಂಪು ರೇಷ್ಮೆಯ ನಡುಪಟ್ಟಿಗೆ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಅಂಗೈಗೆ ಹೊಂದುವ ಮಡಚದ ಚಾಕುವೇ ಆಗಿದೆ. ಬೆಳ್ಳಿಯ ಕುಸುರಿ ತುಂಬಿದ ಒರೆಯೊಡನೆ ಅದು ಇಂದು ಮದುವೆ, ಹಬ್ಬಗಳ ಉಡುಗೆಗೆ ಸೀಮಿತವಾಗಿದೆ. ಫಿನ್ಲೆಂಡಿನ ಪೂಕ್ಕೊ ಉಡುಗೆಯಲ್ಲೂ ಉಳಿಯಿತು, ಕೆಲಸದಲ್ಲೂ ಉಳಿಯಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಸೊಂಟದ ಹಗ್ಗಕ್ಕೆ ಕಟ್ಟಿದ ಮರದ ಕೊಕ್ಕೆಯಲ್ಲಿ ಕತ್ತಿ ನೇತುಹಾಕಿ ಕಾಡಿಗೂ ತೋಟಕ್ಕೂ ಹೋಗುವವರು ಈಗಲೂ ಇದ್ದಾರೆ. ಆ ಕತ್ತಿ ದೊಡ್ಡದು. ಅದು ಮಾಡಲಾಗದ ಸಣ್ಣ ಕೆಲಸಗಳಿಗೆ ಜೊತೆಯಲ್ಲೊಂದು ಚಾಕು ಬೇಕಾಗುತ್ತದೆ.

ಊರಿನ ಕಮ್ಮಾರರಿಗೆ ಸುಲಭವಾಗಿ ಸಿಗುವ ಒಳ್ಳೆಯ ಉಕ್ಕೆಂದರೆ ಲಾರಿ, ಜೀಪುಗಳ ಹಳೆಯ ಸ್ಪ್ರಿಂಗ್ ಪಟ್ಟಿ. ಈ ಪಟ್ಟಿಗಳಿಗೆ ಬಳಸುವ ಉಕ್ಕುಗಳಲ್ಲಿ ಶೇ 0.6ರಷ್ಟು ಇಂಗಾಲವೂ ತುಸು ಕ್ರೋಮಿಯಂ ಅಥವಾ ಬೇರೆ ಬೆರಕೆಯೂ ಇದ್ದು, ಅವು ಪೆಟ್ಟನ್ನು ಚೆನ್ನಾಗಿ ತಾಳುತ್ತವೆ. ವರ್ಷಗಟ್ಟಲೆ ಕುಲುಕಾಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಅಡಗಿರಬಹುದಾದ್ದರಿಂದ ರಂಧ್ರದ ಸುತ್ತಲಿನ ಮತ್ತು ಮಡಿಕೆಯ ಭಾಗವನ್ನು ಬಿಟ್ಟು ಉಳಿದದ್ದನ್ನು ಬಳಸುವುದು ಜಾಣತನ. ಅದಕ್ಕೂ ಮುನ್ನ ಒಂದು ಸಣ್ಣ ಚೂರನ್ನು ಕಾಯಿಸಿ, ಎಣ್ಣೆಗೆ ಅದ್ದಿ, ಸುತ್ತಿಗೆಯಿಂದ ಮುರಿದು ನೋಡಬೇಕು. ಮುರಿದ ಜಾಗ ನುಣುಪಾದ ಬೂದು ಬಣ್ಣಕ್ಕಿದ್ದರೆ ಹದ ಸರಿಯಾಗಿದೆ. ಸಕ್ಕರೆಯ ಹರಳಿನಂಥ ಒರಟು ಕಣಗಳು ಕಂಡರೆ ಶಾಖ ಅತಿಯಾಗಿದೆ.

ಮಾಡಿಸುವವರು ಕುಲುಮೆಗೆ ಹೋಗುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಯೇ ಇಡೀ ಕೆಲಸದ ಅರ್ಧ. ಚಾಕುವಿನ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ, ಕೈಯಲ್ಲಿ ಹಿಡಿದು, ಕೆಲಸದ ಭಂಗಿಯಲ್ಲಿ ಆಡಿಸಿ ನೋಡಬೇಕು. ಹಿಡಿಯ ಉದ್ದ ನಾಲ್ಕು ಬೆರಳೂ ಕೂರುವಷ್ಟಿರಬೇಕು. ಅದು ಗುಂಡಗಿದ್ದರೆ ಅಲಗು ಕೈಯಲ್ಲಿ ತಿರುಗುತ್ತದೆಯಾದ್ದರಿಂದ ಅಡ್ಡಸೀಳು ಮೊಟ್ಟೆಯಾಕಾರದಲ್ಲಿರಬೇಕು. ಎಡಗೈಯವರಾದರೆ ಒರೆ ಯಾವ ಬದಿಗೆ ತೂಗಬೇಕೆಂಬುದನ್ನೂ ಹೇಳಬೇಕು.

ಕೆಲಸ ಯಾವುದೆಂಬುದನ್ನು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಸಬೇಕು. ಮಾವು, ಗುಲಾಬಿಗಳ ಕಸಿ ಕಟ್ಟುವವರಿಗೆ ಒಂದೇ ಬದಿಗೆ ಇಳಿಜಾರಿರುವ, ಇನ್ನೊಂದು ಬದಿ ಪೂರ್ತಿ ಸಪಾಟಾಗಿರುವ ಅಲಗು ಬೇಕು. ಹಾಗಿದ್ದರೆ ಮಾತ್ರ ಕಡ್ಡಿಯ ಕೊಯ್ತ ಸಮತಟ್ಟಾಗಿ ಬಂದು ಎರಡು ತೊಗಟೆಗಳ ಹಸಿರು ಪದರ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮೀನು ಹಸನು ಮಾಡುವವರಿಗೆ ಸಪೂರವಾಗಿ ಬಳುಕುವ ಅಲಗು ಬೇಕು. ರಟ್ಟು, ಹಗ್ಗ, ಚೀಲಗಳ ಕೆಲಸವೇ ಹೆಚ್ಚಾಗಿದ್ದರೆ ನೇರ ಬಾಯಿ ಒಳ್ಳೆಯದು. ಹಣ್ಣು ಸುಲಿಯುವ, ತೊಗಲು ಕೊಯ್ಯುವ ಕೆಲಸಕ್ಕೆ ಮುಂಭಾಗದಲ್ಲಿ ಉಬ್ಬಿದ ಬಾಯಿ ಅನುಕೂಲ.

ಹಿಡಿಗೆ ಹುಣಸೆ, ಜಾಲಿ ಮರಗಳು ಗಟ್ಟಿಯಾಗಿದ್ದು ಚೆನ್ನಾಗಿ ಬಾಳುತ್ತವೆ. ಸಪೂರ ಬಾಲದ ಚಾಕುವಾದರೆ ಹಿಡಿಯ ಬಾಯಿಗೆ ಹಿತ್ತಾಳೆಯ ಬಳೆ ತೊಡಿಸಿ, ಕರಗಿಸಿದ ಅರಗನ್ನು ರಂಧ್ರಕ್ಕೆ ತುಂಬಿ ಬಾಲವನ್ನು ಕೂರಿಸುವುದು ಹಳೆಯ ಕ್ರಮ. ಈಗ ಆ ಜಾಗಕ್ಕೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಬಂದಿದೆ.

ಕೈಯಲ್ಲಿ ಪಳಗುವ ಬಗೆ

ಇಂಗಾಲದ ಉಕ್ಕಿನ ಹೊಸ ಅಲಗು ನಿಂಬೆ, ಮಾವು, ಬಾಳೆಕಾಯಿ, ಅಡಿಕೆಗಳ ಹುಳಿ ಮತ್ತು ಚೊಗರಿಗೆ ಮೊದಲು ನೀಲಿಯಾಗಿ, ಆಮೇಲೆ ಬೂದುಗಪ್ಪಾಗಿ ತಿರುಗುತ್ತದೆ. ಇದನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆಯಬಾರದು, ಏಕೆಂದರೆ ಈ ಕಪ್ಪು ಪದರ ಉಕ್ಕನ್ನು ತಿನ್ನುವ ಕೆಂಪು ತುಕ್ಕನ್ನು ಒಂದು ಮಟ್ಟಿಗೆ ತಡೆಯುತ್ತದೆ. ಹಲಸಿನ ಹಣ್ಣು ಕೊಯ್ಯುವ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸೊನೆ ಅಂಟುವುದಿಲ್ಲ. ಕೆಲಸ ಮುಗಿದೊಡನೆ ತೊಳೆದು, ಒಣಗಿಸಿ, ಒಂದು ತೊಟ್ಟು ಎಣ್ಣೆ ಒರೆಸಿಟ್ಟರೆ ಮಳೆಗಾಲವನ್ನೂ ಅದು ದಾಟುತ್ತದೆ. ಚರ್ಮದ ಒರೆ ತೇವವನ್ನು ಹಿಡಿದಿಡುವುದರಿಂದ ಮಳೆಯ ತಿಂಗಳುಗಳಲ್ಲಿ ಅದರೊಳಗೆ ಚಾಕುವನ್ನು ವಾರಗಟ್ಟಲೆ ಬಿಡುವುದು ತಪ್ಪು. ಒರೆಯನ್ನೂ ಅಲಗನ್ನೂ ಬೇರೆ ಬೇರೆಯಾಗಿ ಇಡಬೇಕು.

ಬಾಯಿಯನ್ನು ಬೇಗ ಮೊಂಡು ಮಾಡುವುದು ಮರವಲ್ಲ, ರಟ್ಟು. ಮರುಬಳಕೆಯ ಕಾಗದದಲ್ಲಿ ಉಳಿದ ಖನಿಜದ ಪುಡಿ ಮತ್ತು ದೂಳು ಅಂಚನ್ನು ಸವೆಸುತ್ತವೆ. ಹತ್ತಾರು ಪೆಟ್ಟಿಗೆ ಬಿಡಿಸಿದ ಮೇಲೆ ಚಾಕು ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗಿದರೆ ಮಸೆಯುವ ಹೊತ್ತು ಬಂದಿದೆಯೆಂದು ತಿಳಿಯಬೇಕು.

ನೀರು ಹಾಕಿದ ಕಲ್ಲಿನ ಮೇಲೆ ಒಂದೇ ಕೋನದಲ್ಲಿ ಮಸೆಯುತ್ತ ಹೋದರೆ ಎದುರು ಬದಿಯ ಅಂಚಿನಲ್ಲಿ ಉಕ್ಕಿನ ನವುರಾದ ಎಳೆಯೊಂದು ಏಳುತ್ತದೆ. ಹೆಬ್ಬೆರಳನ್ನು ಅಲಗಿನಿಂದ ಹೊರಕ್ಕೆ, ಅಡ್ಡಲಾಗಿ ಮೆಲ್ಲನೆ ಸವರಿದರೆ ಅದು ಒರಟಾಗಿ ತಾಗುತ್ತದೆ. ಉದ್ದಕ್ಕೂ ಆ ಎಳೆ ಎದ್ದ ಮೇಲೆ ಮಾತ್ರ ಇನ್ನೊಂದು ಬದಿಗೆ ತಿರುಗಿಸಬೇಕು. ಕೊನೆಗೆ ಕ್ಷೌರಿಕರು ಕತ್ತಿಯನ್ನು ತೀಡುವ ಹಾಗೆ ಚರ್ಮದ ಪಟ್ಟಿಯ ಮೇಲೆ, ಬಾಯಿಯನ್ನು ಹಿಂದಿಟ್ಟು ಎಳೆದರೆ ಉಳಿದ ಎಳೆ ಕಳಚಿ ಹರಿತ ನಿಲ್ಲುತ್ತದೆ.

ಮೊನೆಯಿಂದ ಪೇಂಟಿನ ಡಬ್ಬಿ ಮೀಟುವುದು, ಸ್ಕ್ರೂ ತಿರುಗಿಸುವುದು, ಬೆನ್ನಿಗೆ ಸುತ್ತಿಗೆಯಿಂದ ಹೊಡೆಯುವುದು ಗಡಸಾದ ತೆಳು ಅಲಗಿಗೆ ಆಗದ ಕೆಲಸಗಳು. ಹಗ್ಗ ಕತ್ತರಿಸುವಾಗ ಅಲಗಿನ ದಾರಿಯಲ್ಲಿ ತೊಡೆಯಾಗಲಿ ಎಡಗೈಯಾಗಲಿ ಇರಬಾರದು. ಅಲಗು ಜಾರಿದರೆ ಎಲ್ಲಿಗೆ ಹೋಗುತ್ತದೆಂಬುದನ್ನು ಕೆಲಸಕ್ಕೆ ಮೊದಲೇ ನೋಡಿಕೊಳ್ಳಬೇಕು.

> ಕಾನೂನಿನ ಅಳತೆ
> ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಯ ಬಳಕೆಗೆ ರೂಪಿಸಿದವುಗಳನ್ನು ಹೊರಗಿಡುತ್ತವೆ. ಅಂಗೈ ಅಗಲದಷ್ಟೇ ಉದ್ದದ ಅಲಗಿನ ಚಾಕು ಈ ಮಿತಿಯ ಬಹಳ ಕೆಳಗಿದೆ. ಆದರೂ ವಿಮಾನದ ಕೈಚೀಲದಲ್ಲಿ ಅದಕ್ಕೆ ಅವಕಾಶವಿಲ್ಲ. ಪೂಕ್ಕೊದ ತವರಾದ ಫಿನ್ಲೆಂಡಿನಲ್ಲೂ ಕೆಲಸದಂಥ ಒಪ್ಪತಕ್ಕ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಚಾಕು ಧರಿಸುವಂತಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ್ದೆಂದರೆ, ಅಲ್ಲಿನ 1988ರ ಕಾಯ್ದೆಯ ಪ್ರಕಾರ 3 ಇಂಚಿನೊಳಗಿನ ಮಡಚುವ ಚಾಕುವಿಗೆ ಮಾತ್ರ ವಿನಾಯಿತಿ ಇದ್ದು, ಮಡಚದ ಚಾಕು ಎಷ್ಟೇ ಚಿಕ್ಕದಾದರೂ ಹೊರಗೆ ಒಯ್ಯಲು ಸಕಾರಣ ಬೇಕು.

ವರ್ಷಗಳ ಬಳಕೆಯಲ್ಲಿ ಬಾಯಿ ಮೂರು ನಾಲ್ಕು ಮಿಲಿಮೀಟರ್ ಸವೆದು ಒಳಕ್ಕೆ ಸರಿದಾಗ ಅಂಚು ಬೆನ್ನಿನ ದಪ್ಪಕ್ಕೆ ಹತ್ತಿರವಾಗಿ, ಎಷ್ಟು ಮಸೆದರೂ ಚಾಕು ಮೊದಲಿನಂತೆ ಕತ್ತರಿಸುವುದಿಲ್ಲ. ಆಗ ಅದನ್ನು ಮಾಡಿದ ಕಮ್ಮಾರರ ಬಳಿಗೇ ಒಯ್ದು ಎರಡೂ ಬದಿಯ ಇಳಿಜಾರನ್ನು ಮತ್ತೆ ತೆಳುಗೊಳಿಸಬೇಕು. ಅಂಗಡಿಯ ಚಾಕು ಎಸೆಯುವ ಹಂತಕ್ಕೆ ಬಂದಾಗ ಹೇಳಿ ಮಾಡಿಸಿದ ಚಾಕುವಿಗೆ ಎರಡನೆಯ ಆಯುಸ್ಸು ಸಿಗುವುದು ಹೀಗೆ. ಹಿಡಿ ಸಡಿಲವಾಗಿದ್ದರೆ ಅದೇ ಹೊತ್ತಿಗೆ ಅದನ್ನೂ ಬದಲಾಯಿಸಬಹುದು. ಈ ಕೆಲಸಕ್ಕೆ ವೇಗವಾಗಿ ತಿರುಗುವ ಒಣ ಸಾಣೆಯನ್ನು ಬಳಸುವುದಾದರೆ ಪ್ರತಿ ಉಜ್ಜಿಗೂ ಅಲಗನ್ನು ನೀರಿಗೆ ಅದ್ದುತ್ತಿರಬೇಕು, ಏಕೆಂದರೆ ತೆಳು ಅಂಚಿನಲ್ಲಿ ಶಾಖ ಕ್ಷಣದಲ್ಲಿ ಏರಿಬಿಡುತ್ತದೆ. ಬಾಯಿಯ ಯಾವುದೇ ಭಾಗ ನೀಲಿಗಟ್ಟಿದರೆ ಅಲ್ಲಿ ಹದ ಇಳಿದಿದೆ ಎಂದೇ ಅರ್ಥ. ನೀಲಿಗಟ್ಟಿದಷ್ಟನ್ನು ಒದ್ದೆ ಕಲ್ಲಿನಲ್ಲಿ ಪೂರ್ತಿ ಸವೆಸಿ ತೆಗೆದು, ಗಡಸಾದ ಉಕ್ಕನ್ನು ಮುಟ್ಟುವವರೆಗೆ ಆ ಭಾಗ ಹರಿತ ಹಿಡಿಯುವುದಿಲ್ಲ.